ಅಬುಧಾಬಿಗೆ ಹೋದ ಎರಡಿಂಚು ನೀರು

ಹೊರಡುವ ಮೊದಲು

ಸುಟ್ಟ ಮೋಟಾರನ್ನು ಅಂಗಡಿಗೆ ತರುವವರು ಯಾರೂ ನಿಜ ಹೇಳುವುದಿಲ್ಲ. "ಏನೂ ಮಾಡಿಲ್ರೀ ಬಸಣ್ಣ, ತಾನಾಗೇ ಸುಟ್ಟಿತು" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಮರಳಿರುತ್ತದೆ, ಕೆಸರಿರುತ್ತದೆ, ಇನ್ನೊಬ್ಬ ಮೆಕ್ಯಾನಿಕ್ ಕೈಯಾಡಿಸಿದ ಗುರುತಿರುತ್ತದೆ. ಬೋರಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಲೇ ತಲೆ ಬೆಳ್ಳಗಾದ ನನಗೆ ಅನುಮಾನವೆನ್ನುವುದು ಗುಣವಲ್ಲ, ಕಸುಬು. ಅಕ್ಕ ನನ್ನನ್ನು ಅರಬರ ನಾಡಿಗೆ ಕಳಿಸಿದ್ದೂ ಅದಕ್ಕೇ.

ಅಕ್ಕನ ಊರು ವಿಜಯಪುರದ ಕಡೆಯ ಲಿಂಬೆಯ ಸೀಮೆಯಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಭಾವ ಇದ್ದಾಗ ನೆಟ್ಟ ಲಿಂಬೆಯ ತೋಟ, ಅದರ ಮಗ್ಗುಲಿಗೆ ಅಷ್ಟೇ ಅಗಲದ ಬಯಲು ಹೊಲ, ಎರಡಕ್ಕೂ ಸೇರಿ ಒಂದೇ ಬೋರು. ಬಯಲು ಹೊಲದಲ್ಲಿ ಮಳೆಯನ್ನು ನಂಬಿ ಜೋಳ ಬಿತ್ತುವುದು, ಬೋರಿನ ನೀರನ್ನಷ್ಟೂ ಲಿಂಬೆಗೆ ಬಿಡುವುದು, ಇದು ಭಾವನ ಕಾಲದಿಂದ ನಡೆದುಬಂದದ್ದು.

ಈ ಪದ್ಧತಿಗೆ ಕೈಹಾಕಿದವನು ಮಲ್ಲು, ಭಾವನ ತಮ್ಮನ ಮಗ. ಅವನ ಅಪ್ಪ ಬ್ಯಾಂಕಿನವನು. ವರ್ಗದ ಮೇಲೆ ವರ್ಗವಾಗಿ ಹುಡುಗ ಊರಿನಲ್ಲಿ ಬೆಳೆಯಲೇ ಇಲ್ಲ, ರಜೆಗೆ ಬಂದು ದೊಡ್ಡವ್ವನ ಕೈಯ ರೊಟ್ಟಿ ತಿಂದು ಹೋಗುತ್ತಿದ್ದ. ಈಗ ಅಬುಧಾಬಿಯಲ್ಲಿದ್ದಾನೆ. ನೀರು ಕಡಿಮೆಯಿದ್ದಲ್ಲಿ ಯಾವ ಬೆಳೆ ಎಷ್ಟು ಬಂದೀತು ಎಂಬುದನ್ನು ಹೊಲದಲ್ಲಿ ಬಿತ್ತುವ ಮೊದಲೇ ಕಂಪ್ಯೂಟರಿನೊಳಗೆ ಬೆಳೆದು ನೋಡುವುದು ಅವನ ಕೆಲಸ. ದೊಡ್ಡವ್ವನ ಮೇಲಿನ ಪ್ರೀತಿಗೆ ಅವಳ ಹೊಲವನ್ನೂ ಅದರೊಳಗೆ ಹಾಕಿ ನೋಡುತ್ತೇನೆಂದ. ಮಣ್ಣು ಎಂಥದು, ಗಿಡದ ಸಾಲು ಹೇಗೆ ಎಂದು ಶ್ರಾವಣದಲ್ಲಿ ಫೋನು ಮಾಡಿ ಕೇಳಿದ. ನೀರಿನ ಪ್ರಶ್ನೆಗೆ ಉತ್ತರ ಹೇಳಿದವನು ಆ ದಿನ ಅಕ್ಕನ ಮನೆಯಲ್ಲಿದ್ದ ನಾನೇ: "ಎರಡಿಂಚು ಐತಪಾ. ವಾರಕ್ಕೊಮ್ಮೆ ಗಿಡಕ್ಕ ಪಾಳಿ."

ದಸರೆಗೆ ಅವನ ಉತ್ತರ ಬಂತು. ಲಿಂಬೆಗೆ ಅಷ್ಟು ನೀರು ಬೇಕಿಲ್ಲ, ಅರ್ಧ ಉಳಿಯುತ್ತದೆ, ಉಳಿದದ್ದನ್ನು ಬಯಲು ಹೊಲಕ್ಕೆ ತಿರುಗಿಸಿ ಉಳ್ಳಾಗಡ್ಡಿ ಹಾಕಬಹುದು ಎಂದು. ಅಕ್ಕ ಈ ಸುದ್ದಿಯನ್ನು ಹಿಟ್ಟಿನ ಗಿರಣಿಯಲ್ಲಿ ನಿಂತು ಹೇಳಿದಳು. ಗಿರಣಿಯಲ್ಲಿ ಹೇಳಿದ್ದು ಡಂಗುರ ಹೊಡೆದ ಹಾಗೆ. "ದುಬೈದಾಗಿನ ಕಂಪ್ಯೂಟರ್ ಹೇಳೈತಂತ, ಅಕ್ಕಾರ ಬೋರಿನ್ಯಾಗ ಎರಡು ಹೊಲಕ್ಕಾಗುವಷ್ಟು ನೀರ ಐತಂತ" ಎಂದು ಊರೆಲ್ಲ ಮಾತಾಯಿತು. ದೀಪಾವಳಿ ಪಾಡ್ಯದ ಮರುದಿನ ಅಗಿ, ಅಂದರೆ ಸಸಿ, ಹಚ್ಚುವುದೆಂದು ಅವಳು ಉಳ್ಳಾಗಡ್ಡಿಯ ಅಗಿಯನ್ನೂ ಕೊಂಡು ತರಿಸಿದಳು.

ನನಗೆ ನಿದ್ದೆ ಹಾರಿತು. ಕಂಪ್ಯೂಟರು ಸುಳ್ಳಾಡಿದ್ದರೆ ಲಿಂಬೆ ಗಿಡಗಳು ಯುಗಾದಿ ನೋಡುವುದಿಲ್ಲ. ಸುಟ್ಟ ಮೋಟಾರಿಗಾದರೆ ಮತ್ತೆ ತಂತಿ ಸುತ್ತಬಹುದು, ಒಣಗಿದ ಗಿಡಕ್ಕೆ ಏನು ಸುತ್ತುವುದು?

"ಅನುಮಾನ ಇದ್ರ ಹೋಗಿ ನೋಡಿ ಬಾರೋ ತಮ್ಮಾ" ಎಂದಳು ಅಕ್ಕ. "ಮಲ್ಲು ಕರಿಯಾಕತ್ತಾನ, ಟಿಕೀಟೂ ಅವನ ಕಳಸ್ತಾನ."

ಪುಕ್ಕಟೆ ಟಿಕೆಟ್ಟು! ಅನುಮಾನ ಇಮ್ಮಡಿಯಾಯಿತು.

ಅಲ್ ಮುರಕ್ಕಬಾತ್

ಹೆಂಡತಿ ಮಲ್ಲುವಿಗೆಂದು ಕರ್ಚಿಕಾಯಿ ಕಟ್ಟಿಕೊಟ್ಟಿದ್ದಳು. ವಿಮಾನದಲ್ಲಿ ಮಗ್ಗುಲಿನವನು, "ಗಸಗಸೆ ಏನಾದರೂ ತಂದಿಲ್ಲ ತಾನೆ? ಅಲ್ಲಿ ಅದು ಅಪರಾಧ" ಎಂದ. ಕರ್ಚಿಕಾಯಿಯ ಹೂರಣಕ್ಕೆ ನಮ್ಮ ಮನೆಯಲ್ಲಿ ಗಸಗಸೆ ಹಾಕುತ್ತಾರೋ ಇಲ್ಲವೋ? ಇಷ್ಟು ವರ್ಷ ತಿಂದವನಿಗೆ ನೆನಪಾಗಲೊಲ್ಲದು. ದುಬೈ ಇಳಿದೊಡನೆ ಗಂಟನ್ನು ಕಸದ ಡಬ್ಬಿಗೆ ಹಾಕಿ, ಗಂಗೆಯಲ್ಲಿ ಅಸ್ಥಿ ಬಿಟ್ಟವರಂತೆ ಕೈಮುಗಿದು ಬಂದೆ. ಆಮೇಲೆ ಫೋನಿನಲ್ಲಿ ಹೆಂಡತಿ ಹೇಳಿದಳು: "ಗಸಗಸಿ ಎಲ್ಲೀದು? ಪುಟಾಣಿ, ಕೊಬ್ಬರಿ ಅಷ್ಟ. ಚೆಲ್ಲಿ ಬಂದ್ರೇನು? ಭಾಳ ಶ್ಯಾಣ್ಯಾರು!"

ಮಲ್ಲುವಿಗೆ ಆ ದಿನ ರಜೆಯಿರಲಿಲ್ಲ. ಗೆಳೆಯ ಸುಧಾಕರ ಶೆಟ್ಟರನ್ನು ಕಳಿಸಿದ್ದ. ಅವರು ಉಡುಪಿಯ ಕಡೆಯವರು, ಮನೆಮಾತು ತುಳು. ಕಾರಿನಲ್ಲಿ ಕೂತವನೇ ವಾಡಿಕೆಯಂತೆ ಕೇಳಿದೆ, ಏನು ಉದ್ಯೋಗ ಎಂದು.

"ಪೈಪಿಂದು ಮಾರಾಯ್ರೆ. ಈ ಗಿಡಗಳಿಗೆ ಹನಿ ನೀರು ಹೋಗ್ತದಲ್ಲ, ಆ ಪೈಪು."

ನಾನು ಸೀಟಿನಲ್ಲಿ ನೆಟ್ಟಗಾದೆ. ಒಹೋ! ಕಂಪ್ಯೂಟರು ನೀರು ಉಳಿಯಿತೆನ್ನುವುದು, ಉಳಿದ ನೀರು ಬಯಲು ಹೊಲಕ್ಕೆ ಹರಿಯಲು ಪೈಪು ಬೇಕಾಗುವುದು, ಪೈಪಿನವನು ವಿಮಾನ ನಿಲ್ದಾಣಕ್ಕೇ ಬಂದು ನಿಲ್ಲುವುದು. ಬಾವಿಗೆ ಕಪಿಲೆ ಕಟ್ಟಿದ ಹಾಗೆ ಎಲ್ಲ ಸರಿಯಾಗಿ ಕೂಡಿತು.

ಶೆಟ್ಟರ ಮನೆ ದುಬೈಯಲ್ಲೇ, ಮುರಕ್ಕಬಾತ್ ಎಂಬ ಗಜಿಬಿಜಿಯ ಬಡಾವಣೆಯಲ್ಲಿ. ಕೆಳಗಿಳಿದರೆ ಒಂದು ಕಡೆ ಸುಟ್ಟ ಮಾಂಸದ ಹೊಗೆ, ಇನ್ನೊಂದು ಕಡೆ ನಮ್ಮ ದೋಸೆಯ ಘಮ. ಕಾರಿನ ಹಾರ್ನು ಒತ್ತಿದರೆ ಅಂಗಡಿಯವನು ಚಹಾವನ್ನು ಕಾರಿಗೇ ತಂದುಕೊಡುತ್ತಾನೆ. ಕರಕ್ ಎನ್ನುತ್ತಾರೆ ಅದಕ್ಕೆ. ನಮ್ಮೂರಲ್ಲಿ ಹಾಗೆ ಹಾರ್ನು ಹೊಡೆದರೆ ಚಹಾದ ಬದಲು ಬೈಗುಳ ಬರುತ್ತದೆ.

ಸಂಜೆ ಕಾಯಿಪಲ್ಲೆ ಕೊಳ್ಳಲು ಶೆಟ್ಟರ ಜೊತೆ ದೊಡ್ಡ ಅಂಗಡಿಗೆ ಹೋದೆ. ಲಿಂಬೆಹಣ್ಣಿನ ರಾಶಿ ಕಂಡಿತು, ಒಂದೊಂದೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಗಾತ್ರ. ನಮ್ಮ ಸೀಮೆಯವರು ಲಿಂಬೆಯನ್ನು ಕಣ್ಣಲ್ಲಿ ಕೊಳ್ಳುವುದಿಲ್ಲ, ಉಗುರಲ್ಲಿ ಗೀರಿ ಮೂಸಿ ನೋಡುತ್ತೇವೆ. ಒಂದನ್ನು ಗೀರಿದೆ, ವಾಸನೆ ಸಾಲದು. ಇನ್ನೊಂದು ಗೀರಿದೆ. ಮತ್ತೊಂದು ಗೀರುವಷ್ಟರಲ್ಲಿ ಅಂಗಡಿಯ ಕಾವಲಿನವನು ಹಿಂದೆ ನಿಂತಿದ್ದ. ಊರೆಲ್ಲವನ್ನೂ ಅನುಮಾನದಿಂದ ನೋಡುತ್ತಿದ್ದವನನ್ನೇ ಒಬ್ಬ ಅನುಮಾನದಿಂದ ನೋಡುತ್ತಿದ್ದ.

ಶೆಟ್ಟರು ಹಿಂದಿಯಲ್ಲಿ ಏನೋ ಸಮಾಧಾನ ಹೇಳಿ, ನಾನು ಗೀರಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡರು. "ಇನ್ನು ಖಲಾಸ್, ಬಸವರಾಜರೇ. ಕೈ ಕಿಸೆಯಲ್ಲಿ ಇಟ್ಕೊಳ್ಳಿ. ನಾಳೆ ಇಡೀ ನಿಂಬೆ ಶರಬತ್ತೇ ನಿಮಗೆ!"

ಮನುಷ್ಯ ಒಳ್ಳೆಯವನಂತೆ ಕಂಡ. ಆದರೆ ಪೈಪು ಮಾರುವವನು ಕೆಟ್ಟವನಂತೆ ಕಂಡರೆ ಪೈಪು ಹೋಗುತ್ತದೆಯೇ?

ದಾರಿ

ಮರುದಿನ ಊರು ತೋರಿಸುತ್ತೇನೆಂದು ಶೆಟ್ಟರು ಮೆಟ್ರೋ ಹತ್ತಿಸಿದರು. ಮುಂದಿನ ಡಬ್ಬಿಯಲ್ಲಿ ನಿಂತು ನೋಡಿದರೆ ಓಡಿಸುವವನಿಲ್ಲ. ಎದುರಿಗೆ ಬರೀ ಗಾಜು, ಹಳಿ ನಮ್ಮ ಕಡೆಗೇ ನುಗ್ಗಿ ಬರುತ್ತಿದೆ.

"ಡ್ರೈವರ್ ಎಲ್ಲ್ಯದಾನ್ರೀ?"

"ಡ್ರೈವರ್ ಮಾಫಿ, ಅಂದ್ರೆ ಇಲ್ಲ. ಕಂಪ್ಯೂಟರೇ ಓಡಿಸುದು."

ಇಲ್ಲೂ ಕಂಪ್ಯೂಟರು! ಇಳಿಯುವವರೆಗೂ ಕಂಬಿ ಬಿಡಲಿಲ್ಲ. ಸುತ್ತ ಜನ ಆರಾಮಾಗಿ ತೂಕಡಿಸುತ್ತಿದ್ದರು. ನಮ್ಮ ಕಡೆಯ ಬಸ್ಸಿನಲ್ಲಿ ಡ್ರೈವರು ಇದ್ದೂ ಜನ ದೇವರ ಹೆಸರು ಹೇಳಿಕೊಂಡು ಕೂರುತ್ತಾರೆ, ಇಲ್ಲಿ ಇಲ್ಲದಿದ್ದರೂ ನಿದ್ದೆ ಹೊಡೆಯುತ್ತಾರೆ.

ಅಲ್ಲಿಂದ ಶೆಟ್ಟರ ಕಾರಿನಲ್ಲಿ ಹೊರಟೆವು. ಅಬುಧಾಬಿಗೆ ಹೋಗುವ ರಸ್ತೆಯ ಎರಡೂ ಬದಿ ಹಸಿರು. ಮರಳುಗಾಡೆಂದರೆ ಬರೀ ಮರಳು ಎಂದುಕೊಂಡು ಬಂದವನು ನಾನು. ಕಾರು ನಿಲ್ಲಿಸಿ ಮೂತ್ರಕ್ಕೆಂದು ಇಳಿದಾಗ ಬಗ್ಗಿ ಎಲೆಯೊಂದನ್ನು ಹರಿದು ನೋಡಿದೆ, ಪ್ಲಾಸ್ಟಿಕ್ಕೇನೋ ಎಂದು. ಎಲೆಯೇ. ಮರಳನ್ನು ಕೆದರಿದರೆ ಕರಿಯ ಪೈಪು. ಕುಡಿಯುವ ನೀರು ಸಮುದ್ರದ್ದಂತೆ, ಉಪ್ಪು ತೆಗೆದದ್ದು. ಗಿಡದ ನೀರು ಊರಿನ ಬಚ್ಚಲದ್ದಂತೆ, ಹೊಲಸು ತೆಗೆದದ್ದು. ಮುಖ ತೊಳೆದ ನೀರು ಮತ್ತೆ ಹೂವಾಗಿ ಎದುರಿಗೆ ನಿಂತಿದೆ ಎಂದರೆ ನಂಬುವುದು ಹೇಗೆ?

"ನಂಬಲಿಕ್ಕೆ ಕಷ್ಟ ಅಲ್ವಾ? ನನಗೂ ಮೊದಲು ಹಾಗೇ ಆಗಿತ್ತು" ಎಂದರು ಶೆಟ್ಟರು. ಆಗ ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ, ಅಕ್ಕನ ಹೊಲಕ್ಕೆ ಎಷ್ಟು ಪೈಪು ಮಾರಬೇಕೆಂದಿದ್ದೀರಿ ಎಂದು. ಅವರಿಗೆ ನಗು ತಡೆಯಲಾಗಲಿಲ್ಲ, ಕಾರನ್ನು ಮತ್ತೆ ಬದಿಗೆ ಹಾಕಿದರು.

"ಅಯ್ಯೋ ದೇವರೇ! ನಿಮ್ಮ ಅಕ್ಕನಿಗೆ ಹೊಲ ಉಂಟು ಅಂತ ನನಗೆ ಗೊತ್ತಾದದ್ದೇ ಈಗ! ಇಲ್ಲಿಂದ ವಿಜಯಪುರಕ್ಕೆ ಪೈಪು ಕಳಿಸಿದ್ರೆ ನಾನು ಅಂಗಡಿ ಮುಚ್ಚಿ ನಿಮ್ಮ ಹತ್ರವೇ ತಂತಿ ಸುತ್ಲಿಕ್ಕೆ ಬರ್ಬೇಕಷ್ಟೆ."

ಒಂದು ಅನುಮಾನ ಸತ್ತಿತು. ಆದರೆ ಅದರ ಜಾಗ ಖಾಲಿ ಉಳಿಯಲಿಲ್ಲ. ಪೈಪಿನವನ ತಪ್ಪಿಲ್ಲವೆಂದರೆ ತಪ್ಪು ಕಂಪ್ಯೂಟರಿನದೇ.

ಅಲ್ ಐನ್ ಕಡೆಯ ಹೊಲ

ಮಲ್ಲುವಿನ ಕೆಲಸದ ಜಾಗ ಅಬುಧಾಬಿಯಿಂದ ಅಲ್ ಐನ್ ಕಡೆಗೆ ಹೋಗುವ ದಾರಿಯಲ್ಲಿ. ಅಲ್ಲಿ ನಾನು ಕಂಡ ಮೊದಲ ಬೆಳೆ ಸಜ್ಜೆ! ಮರಳಿನಲ್ಲಿ ನಮ್ಮ ಸಜ್ಜೆ ತೆನೆ ತೂಗುತ್ತಿತ್ತು. ಪರದೇಶದ ಸಂತೆಯಲ್ಲಿ ಸೋದರತ್ತೆ ಸಿಕ್ಕ ಹಾಗಾಯಿತು.

"ಇದು ಪೂರ್ತಿ ನೀರು ಕೊಟ್ಟ ಮಡಿ, ಮಾಮಾ. ಅದು ಕಡಿಮಿ ನೀರು ಕೊಟ್ಟದ್ದು" ಎಂದು ಮಲ್ಲು ಎರಡು ಮಡಿ ತೋರಿಸಿದ. ಕಡಿಮೆ ನೀರಿನದು ತುಸು ಗಿಡ್ಡ, ಆದರೆ ತೆನೆ ಮೋಸವಿಲ್ಲ. ಒಳಗೆ ಕರೆದೊಯ್ದು ಕಂಪ್ಯೂಟರು ತೆಗೆದ. ಪರದೆಯ ಮೇಲೆ ಅದೇ ಎರಡು ಮಡಿ. ಬಿತ್ತುವ ಮೊದಲೇ ಕಂಪ್ಯೂಟರು ಎಷ್ಟು ಎತ್ತರ ಬೆಳೆದೀತು ಎಂದಿತ್ತೋ ಹೊರಗೆ ಹೆಚ್ಚುಕಡಿಮೆ ಅಷ್ಟೇ ಬೆಳೆದಿತ್ತು.

"ಇದಕ್ಕೇನು ಭವಿಷ್ಯ ಗೊತ್ತಿಲ್ಲ, ಮಾಮಾ. ಲೆಕ್ಕ ಅಷ್ಟ. ದಿನಾ ಬೆಳಿಗ್ಗೆ ಬೆಳೀಗೆ ಕೇಳ್ತದ, ಬೇರಿನ ಹತ್ರ ನೀರು ಎಷ್ಟುಳಿದೈತಿ? ಇವತ್ತ ಬಿಸಲ ಎಷ್ಟು, ಗಾಳಿ ಎಷ್ಟು? ನೀರಡಿಸಿದ್ರ ಬೆಳಿ ಎಲಿ ಮುಚ್ಚಿಕೊಂಡು ಬೆಳ್ಯೂದು ನಿಲ್ಲಸ್ತದ. ಹಂಗ ದಿನಕ್ಕ ದಿನಾ ಕೂಡಿಸಿಕೊಂತ ಸುಗ್ಗಿತನಕ ಹೋಗ್ತದ."

"ಆಡಿನ ಲೆಕ್ಕ ಐತೇನು?"

"ಯಾವ ಆಡು?"

"ಬಾಜೂ ಹೊಲದವರ ಆಡು. ಬೇಲಿ ಹಾರಿ ಬಂದು ಮೇಯ್ತಾವಲ್ಲ."

"ಆಡಿನ ಲೆಕ್ಕ ಇಲ್ರಿ ಮಾಮಾ."

"ಹಂಗಾರ ಅರ್ಧಾ ಸುಳ್ಳು."

ಮಲ್ಲು ನಕ್ಕ. ನಾನು ನಗಲಿಲ್ಲ. ಅಕ್ಕನ ತೋಟ ತೆಗೆ ಎಂದೆ. ಬಂತು. ಒಂದು ಗಿಡ, ಕೆಳಗೆ ಮಣ್ಣು ಸೀಳಿ ತೋರಿಸಿದ ಚಿತ್ರ, ಪಾಳಿ ಬಂದಾಗಲೆಲ್ಲ ನೀಲಿ ಬಣ್ಣ ಇಳಿಯುತ್ತದೆ. ಮೋಟಾರು ತಂದವನ ಬಾಯಿಂದ ನಿಜ ಹೊರಡಿಸಲು ನನ್ನದೊಂದು ವಿದ್ಯೆಯಿದೆ. ಅವನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ, ಸುಳ್ಳು ತಾನಾಗಿ ಕುಸಿಯುವವರೆಗೆ ಎಳೆಯುವುದು. ಅದನ್ನೇ ಮಾಡಿದೆ.

"ಅರ್ಧಾ ನೀರು ಕಡಿಮಿ ಮಾಡು." ಗಿಡ ಹಸಿರಾಗಿಯೇ ಇತ್ತು. "ಕಡು ಬ್ಯಾಸಗಿ ಹಚ್ಚು." ಹಸಿರೇ. "ಇನ್ನೂ ಅರ್ಧಾ ತೆಗಿ." ತುಸು ಬಾಡಿತು, ಸಾಯಲಿಲ್ಲ.

ವೈಶಾಖದ ಬಿಸಿಲಿನಲ್ಲಿ ಕಾಲುಪಾಲು ನೀರು ಕುಡಿದು ಬದುಕುವ ಲಿಂಬೆಯನ್ನು ನಾನು ನೋಡಿಲ್ಲ, ನಮ್ಮಜ್ಜನೂ ನೋಡಿರಲಿಕ್ಕಿಲ್ಲ. "ಮಲ್ಲೂ, ಇದು ಸುಳ್ಳ ಹೇಳಾಕತ್ತೈತಿ."

ಅವನ ಮುಖ ಸಣ್ಣದಾಯಿತು. "ನೀವು ಹೇಳಿದ್ದನ್ನ ಹಾಕೀನ್ರಿ ಮಾಮಾ. ವಾರಕ್ಕ ಎರಡಿಂಚು. ಸುಳ್ಳಂದ್ರ ಹೊರಗಿನ ಸಜ್ಜಿ ಹೆಂಗ ಖರೆ ಆತು?"

ಸಜ್ಜೆಯನ್ನು ನಾನೇ ಕೈಯಾರೆ ಮುಟ್ಟಿದ್ದೆ.

ಖಾಲಿದಿಯಾ

ಮಲ್ಲುವಿನ ಮನೆ ಖಾಲಿದಿಯಾದಲ್ಲಿ, ಎತ್ತರದ ಕಟ್ಟಡದಲ್ಲಿ. ಅವನ ಹೆಂಡತಿ ವಿದ್ಯಾ ಧಾರವಾಡದವಳು, ಆಸ್ಪತ್ರೆಯಲ್ಲಿ ವೈದ್ಯೆ. ಆ ಸಂಜೆ ಊಟಕ್ಕೆ ಕೂತಾಗ ಮಾಮ-ಅಳಿಯ ಇಬ್ಬರೂ ಮೂಗರು. ಉಪ್ಪಿನಕಾಯಿ ಬೇಕೇ ಎಂದು ಅವಳು ಕೇಳಿದರೆ ಇಬ್ಬರೂ ಒಟ್ಟಿಗೆ ಬೇಡವೆಂದೆವು. ಅಕ್ಕನ ತೋಟದ ಲಿಂಬೆಯ ಉಪ್ಪಿನಕಾಯಿ ಅದು!

"ಏನಾತ್ರಿ ನಿಮಗ? ಸಜ್ಜಿ ಹೊಲದಾಗ ಜಗಳಾಡಿ ಬಂದೀರೇನು?" ಎಂದಳು.

ಮಲ್ಲು ತಟ್ಟೆ ನೋಡುತ್ತಲೇ ಹೇಳಿದ. "ದೊಡ್ಡವ್ವನ ಗಿಡ ಒಣಗಲಿ ಅಂತ ನಾ ಹೇಳ್ತೀನೇನು? ಮಾಮಾಗ ನನ್ನ ಮ್ಯಾಲೆ ನಂಬಿಗಿಲ್ಲ."

ಅವನ ಮೇಲೆ ನಂಬಿಕೆಯಿಲ್ಲವೆಂದು ನಾನೆಲ್ಲಿ ಹೇಳಿದ್ದೆ? ಅನುಮಾನದ ಕಷ್ಟವೇ ಇದು. ಯಂತ್ರದ ಮೇಲೆ ಪಡುತ್ತೇವೆ, ಮನುಷ್ಯನಿಗೆ ತಾಗುತ್ತದೆ.

ಮರುದಿನ ಪಾಡ್ಯ. ಅಕ್ಕನ ಹೊಲದಲ್ಲಿ ಅಗಿ ಹಚ್ಚಲು ಹೆಣ್ಣಾಳುಗಳು ಬರುವುದಕ್ಕೆ ಇನ್ನೊಂದೇ ದಿನ. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಾಲ್ಕನಿಯಲ್ಲಿ ಕೂತೆ. ವಿದ್ಯಾ ರಂಗೋಲಿ ಹಾಕುತ್ತಿದ್ದಳು. ಈ ದೇಶದಲ್ಲಿ ತಂಪು ಮಾಡುವ ಯಂತ್ರ ಹಗಲಿರುಳೂ ನಡೆಯುತ್ತದೆ, ಅದರ ಬೆವರು ಸಣ್ಣ ಕೊಳವೆಯಿಂದ ಹೊರಗೆ ಬೀಳುತ್ತದೆ. ರಂಗೋಲಿ ಅಳಿಸೀತೆಂದು ಅವಳು ಅದರ ಕೆಳಗೆ ಬಕೆಟ್ ಇಟ್ಟಿದ್ದಳು. ಅದೇ ನೀರು ಅವಳ ತುಳಸಿಗೆ.

ನೀರು ಬೀಳುವುದನ್ನು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಇದು ಕಾಲಿಂಚೂ ಇಲ್ಲ" ಎಂದೆ.

"ಕಾಲಿಂಚ? ಬಕೆಟ್ ನೋಡ್ರಿ ಮಾಮಾ, ಒಂದು ಗೇಣು ತುಂಬೈತಿ!" ಎಂದಳು ವಿದ್ಯಾ.

"ನಿಂತ ನೀರಲ್ಲವ್ವಾ, ನಾ ಬೀಳೂ ನೀರಿಗೆ ಹೇಳಿದ್ದು."

ಒಳಗೆ ಹಬ್ಬದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಮಲ್ಲು ಬಾಗಿಲಿಗೆ ಬಂದ. "ಮಾಮಾ, ಏನಂದ್ರಿ?"

"ಯಾಕೋ?"

"ದೊಡ್ಡವ್ವನ ಎರಡಿಂಚು ನಿಂತ ನೀರೋ, ಬೀಳೂ ನೀರೋ?"

"ಬೋರಿನ್ಯಾಗ ನಿಂತ ನೀರು ಎಲ್ಲಿಂದ ಬರಬೇಕೋ? ಪೈಪಿನಿಂದ ಬೀಳೂದು ಎರಡಿಂಚು!"

ಬೋರು ಕೊರೆದ ದಿನ, ಉಕ್ಕಿದ ನೀರನ್ನು ನಡುವೆ ಸೀಳಿರುವ ಹಲಗೆಯ ಮೂಲಕ ಹಾಯಿಸುತ್ತಾರೆ. ಆ ಸೀಳಿನಲ್ಲಿ ನೀರು ಎಷ್ಟು ಇಂಚು ಎತ್ತರಕ್ಕೆ ಹಾಯ್ದೀತೋ ಅದು ಆ ಬೋರಿನ ಇಂಚು, ಅಂದರೆ ಹರಿವಿನ ಅಳತೆ. ನಮ್ಮಲ್ಲಿ ಕೂಸಿಗೂ ಇದು ಗೊತ್ತು. ಆದರೆ ಮಲ್ಲು ಓದಿದ ಶಾಸ್ತ್ರದಲ್ಲಿ ನೀರಿನ ಇಂಚೆಂದರೆ ಹೊಲದ ತುಂಬ ಅಷ್ಟು ಎತ್ತರಕ್ಕೆ ನಿಲ್ಲುವ ನೀರು, ಮಳೆಯನ್ನು ಅಳೆಯುತ್ತಾರಲ್ಲ ಹಾಗೆ. ನಾನು ಎರಡಿಂಚೆಂದೆ, ಅವನು ಎರಡಿಂಚೆಂದು ಕೇಳಿಸಿಕೊಂಡ. ಒಂದೇ ಮಾತು, ಎರಡು ನೀರು. ವಾರಕ್ಕೊಮ್ಮೆ ಇಡೀ ತೋಟದಲ್ಲಿ ಪಾದ ಮುಳುಗುವ ಹಾಗೆ ಮಳೆ ಹೊಡೆದರೆ ಯಾವ ಲಿಂಬೆ ಒಣಗೀತು? ಪಾಪದ ಕಂಪ್ಯೂಟರು! ನಾವು ಹೇಳಿದ್ದನ್ನೆಲ್ಲ ನಂಬಿತ್ತು. ಆ ಮನೆಯಲ್ಲಿ ಅನುಮಾನ ಗೊತ್ತಿಲ್ಲದ್ದೆಂದರೆ ಅದೊಂದೇ.

ಮಲ್ಲು ಅಂಗಿಯನ್ನು ಅಲ್ಲೇ ಬಿಟ್ಟು ಕೂತ. ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿ, ಬೀಳುವ ನೀರನ್ನು ನಿಲ್ಲುವ ನೀರು ಮಾಡಿ ಮತ್ತೆ ಹಾಕಿದ. ಈ ಸಲ ಅರ್ಧ ನೀರಿಗೆ ಗಿಡ ನಾನು ಕಂಡಂತೆಯೇ ಬಾಡಿತು, ನಾನು ಹೆದರಿದಂತೆಯೇ ಒಣಗಿತು.

"ಮಾಮಾ, ಉಳ್ಳಾಗಡ್ಡಿ ಬ್ಯಾಡ. ಫೋನ್ ಹಚ್ರಿ."

ಅಕ್ಕ

ಅಕ್ಕ ಹೊಲದಲ್ಲೇ ಇದ್ದಳು. ಬಯಲು ಹೊಲಕ್ಕೆ ಮೊದಲ ನೀರು ಬಿಡಲು ಮೋಟಾರು ಹಚ್ಚಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಅವಳೇ ನನ್ನ ಮೇಲೆ ಅನುಮಾನಪಟ್ಟಳು.

"ಮೊದಲ ಒಂದು ಹೇಳಿತ್ತು, ನೀ ಹೋದ ಮ್ಯಾಲೆ ಇನ್ನೊಂದು ಹೇಳಾಕತ್ತೈತಿ. ಹುಡುಗನ ತಲಿ ತಿರುಗಿಸಿ ಕುಂತೀಯಲ್ಲೋ? ಮೊದಲಿಂದಾನೂ ನಿನಗ ಉಳ್ಳಾಗಡ್ಡಿ ಕಂಡ್ರ ಆಗೂದಿಲ್ಲ."

"ಅಕ್ಕಾ, ಫೋನ್ ಪೈಪಿನ ಬಾಯಿ ಹತ್ರ ಹಿಡಿ."

ಹಿಡಿದಳು. ಮಲ್ಲು ಸ್ಪೀಕರ್ ಹಚ್ಚಿದ. ಖಾಲಿದಿಯಾದ ಆ ಕೋಣೆಯೊಳಗೆ ನಮ್ಮ ಸೀಮೆಯ ನೀರಿನ ಸಪ್ಪಳ ತುಂಬಿತು. ಮೋಟಾರಿನ ಕೆಲಸದವನಿಗೆ ಕಿವಿಯೇ ಕಣ್ಣು. ಪೈಪು ತುಂಬಿ ಬರುವ ನೀರು ಒಂದೇ ಸಮನೆ ಗುಂಯ್ಗುಡುತ್ತದೆ. ಇದು ಹಾಗಿರಲಿಲ್ಲ. ನಡುನಡುವೆ ಬುಸ್ ಎಂದು ಗಾಳಿ ಉಗುಳುತ್ತಿತ್ತು, ತಡವರಿಸುತ್ತಿತ್ತು, ಮತ್ತೆ ಬರುತ್ತಿತ್ತು. ಅದೂ ಮಳೆಗಾಲ ಆಗತಾನೆ ಮುಗಿದಾಗ, ಎಲ್ಲ ಬೋರುಗಳೂ ಮೈತುಂಬಿಕೊಂಡಿರುವಾಗ.

"ಅಕ್ಕಾ, ಎರಡಿಂಚು ಇಲ್ಲ ಇದು."

ಆ ಕಡೆಯಿಂದ ಮೋಟಾರು ಆರಿಸಿದ ಸಪ್ಪಳ ಕೇಳಿಸಿತು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು: "ಒಂದೂವರಿ."

ನಮ್ಮ ಕಡೆ ಬೋರು ಕೊರೆದ ದಿನ ಹೇಳಿದ ಇಂಚನ್ನು ಯಾರೂ ಆಮೇಲೆ ಇಳಿಸಿ ಹೇಳುವುದಿಲ್ಲ. ನೀರು ಇಳಿದಿರುತ್ತದೆ, ಮಾತು ಇಳಿಯುವುದಿಲ್ಲ. ಎರಡಿಂಚಿನ ಮನೆತನ ಎಂದಮೇಲೆ ಎರಡಿಂಚೇ. ಅಕ್ಕನಿಗೆ ಹೋದ ವರ್ಷವೇ ಗೊತ್ತಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ, ಮೋಟಾರಿನವನಾದ ತಮ್ಮನಿಗೂ.

"ಕಂಪ್ಯೂಟರ್ ಎರಡು ಹೊಲಕ್ಕಾಗ್ತದ ಅಂದಾಗ ನನಗೂ ಸಂಶೇ ಬಂತು. ಆದ್ರ ಗಿರಣ್ಯಾಗ ಹೇಳಿಬಿಟ್ಟಿದ್ನೆಪಾ. ಈಗ ಬ್ಯಾಡ ಅಂದ್ರ ಬೋರ್ ಬತ್ತೈತಿ ಅಂತಾರಲ್ಲ? ಅದಕ್ಕ ನಿನ್ನ ಕಳಿಸಿದೆ. ನಿನ್ನ ಕಣ್ಣಿಗೆ ತಪ್ಪು ಬಿದ್ದೇ ಬೀಳ್ತದ, ತಪ್ಪು ಕಂಪ್ಯೂಟರಿನ ಮ್ಯಾಲೆ ಹೋಗ್ತದ ಅಂತ. ಈಗ ಬೈದದ್ದು ಬಾಜೂ ಹೊಲದವರ ಕಿವೀಗೆ ಬೀಳ್ಲಿ ಅಂತ."

ಮಲ್ಲು ಫೋನು ಇಸಿದುಕೊಂಡ. ಹಿಂದಿನ ದಿನ ತನ್ನ ಲೆಕ್ಕದ ಸಲುವಾಗಿ ನನ್ನೊಡನೆ ಮಾತು ಬಿಟ್ಟಿದ್ದ ಹುಡುಗ.

"ದೊಡ್ಡವ್ವ, ಕಂಪ್ಯೂಟರಿಗೆ ಒಂದೂವರಿ ಅಂತ ಹೇಳ್ತೀನಿ. ಗಿಡಕ್ಕ ಎಷ್ಟು ಸಾಕು, ಒಣ ಎಲಿ ಎಲ್ಲಿ ಹೊಚ್ಚಬೇಕು, ಯಾವ ಸಾಲಿಗೆ ಯಾವಾಗ ಪಾಳಿ, ಎಲ್ಲಾ ತೆಗೆದು ಕೊಡ್ತೀನಿ. ಊರಾಗ ಎರಡಿಂಚ ಇರ್ಲಿ. ಯಾರರೆ ಕೇಳಿದ್ರ ಮಲ್ಲೂನ ಕಂಪ್ಯೂಟರ್ ಕೆಟ್ಟಿತ್ತು ಅನ್ನು."

"ನಿನ್ನ ಹೆಸರ ಕೆಡ್ತದಲ್ಲೋ ಮಗನ."

"ಇಲ್ಲಿ ನನ್ನ ಹೆಸರ ಸಜ್ಜಿ ಕಾಯ್ತದ, ಬಿಡು."

ಮತ್ತೆ ಅಂಗಡಿ

ಉಳ್ಳಾಗಡ್ಡಿಯ ಅಗಿಯನ್ನು ಅಕ್ಕ ನೆರೆಯವರಿಗೆ ಹಂಚಿದಳು. ಲಿಂಬೆ ಗಿಡಗಳ ಬುಡಕ್ಕೆ ಈಗ ಒಣ ಎಲೆಯ ಹೊದಿಕೆ ಬಿದ್ದಿದೆ. ಬೇಸಿಗೆ ಇನ್ನೂ ಬರಬೇಕು. ಅದು ಬಂದುಹೋಗುವವರೆಗೆ ನಾನು ಯಾವ ಲೆಕ್ಕವನ್ನೂ ಪೂರ್ತಿ ನಂಬುವವನಲ್ಲ.

ನಾನು ಪರದೇಶದಿಂದ ಬಂದ ವಾರದಲ್ಲೇ ಅಕ್ಕನ ಊರಿನವನೊಬ್ಬ ಸುಟ್ಟ ಮೋಟಾರು ಹೊತ್ತು ತಂದ. ಅದನ್ನು ಇಳಿಸಿ ಬೆವರು ಒರೆಸಿಕೊಂಡು ಕೇಳಿದ:

"ಬಸಣ್ಣಾ, ಅಕ್ಕಾರು ಉಳ್ಳಾಗಡ್ಡಿ ಯಾಕ ಬಿಟ್ರು? ಬೋರಿಗೇನರೆ ಆತೇನು?"

"ಬೋರಿಗೇನಾಗತೈತಿ? ಎರಡಿಂಚು ಐತಿ. ಅಬುಧಾಬಿದಾಗ ಆ ಕಂಪ್ಯೂಟರ್ ಸುಟ್ಟಿತ್ತಪಾ."

"ಸುಟ್ಟಿತ್ತಾ? ಹ್ಯಾಂಗ?"

"ಯಾರೂ ಏನೂ ಮಾಡಿಲ್ಲ" ಎಂದೆ. "ತಾನಾಗೇ ಸುಟ್ಟಿತು."

ಅವನು ತಾನು ತಂದ ಮೋಟಾರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ.